ನೀರುನಾಯಿಗಳ ಪರವಾಗಿ

ನೀರು ಸರಬರಾಜು ಕಚೇರಿಯಲ್ಲಿ ಫೋನಿನಲ್ಲಿ ದೂರು ಕೇಳುವುದು ನನ್ನ ಚಿಕ್ಕಮ್ಮನ ಕೆಲಸ. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ಕೆಂಪಾಗಿರುವವರು, ಬಿಲ್ಲು ನೋಡಿ ಪಿತ್ತ ನೆತ್ತಿಗೇರಿದವರು, ಎಲ್ಲರೂ ಮೊದಲು ಬೈಯುವುದು ಅವಳನ್ನೇ. ಪೈಪು ರಿಪೇರಿ ಮಾಡುವವರು ಬೇರೆ ಕಟ್ಟಡದಲ್ಲಿರುತ್ತಾರೆ. ಅವರನ್ನು ಬೈಯಲು ನಂಬರೇ ಇಲ್ಲ. ಫೋನು ಇಡುವಷ್ಟರಲ್ಲಿ ಬೈದವರ ದನಿ ಇಳಿದಿರಬೇಕು, ಅದು ಅಲ್ಲಿಯ ನಿಯಮ. ನೀರು ಬಂದಿರಬೇಕು ಎಂಬ ನಿಯಮವಿಲ್ಲ.

ಕಚೇರಿಯ ಹಿಂದೆ ಒಂದು ಹಳೆಯ ಕಾಲುವೆ ಇದೆ. ಊಟದ ಬಿಡುವಿನಲ್ಲಿ ಚಿಕ್ಕಮ್ಮ ಹಿಂಬದಿಯ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚುತ್ತಾಳೆ. ಒಂದು ದಿನ ಜೊಂಡಿನ ನಡುವೆ ಒಂದು ಒದ್ದೆ ತಲೆ ಎದ್ದು ಅವಳನ್ನು ನೋಡಿತು. ಹಿಂದೆಯೇ ಇನ್ನೊಂದು, ಆಮೇಲೆ ಮರಿಗಳು. "ಬೆಕ್ಕು ಮೀನಾಗೋಕೆ ಹೊರಟು ಅರ್ಧದಾರೀಲಿ ಮನಸ್ಸು ಬದಲಾಯಿಸಿದ ಹಾಗಿತ್ತು ಕಣೇ," ಎಂದು ನನಗೆ ಹೇಳಿದಳು. ನೀರುನಾಯಿಗಳು. ಅಂದಿನಿಂದ ಅವಳು ಮನೆಗೆ ತರುವ ಸುದ್ದಿಯೇ ಬದಲಾಯಿತು. ಯಾರು ಏನೆಂದು ಬೈದರು ಎಂಬುದು ಹೋಗಿ, ಮರಿ ಇವತ್ತು ಮೀನು ಹಿಡಿಯಿತೇ ಇಲ್ಲವೇ ಎಂಬುದು ಬಂತು.

ಆ ಕಾಲುವೆಯ ದಂಡೆಯ ಮೇಲೆಯೇ ರಸ್ತೆ ಬರುತ್ತದೆ ಎಂದು ಗೊತ್ತಾದ ತಿಂಗಳಲ್ಲೇ ವನ್ಯಜೀವಿಗಳ ಸಂರಕ್ಷಣೆಯ ಸಂಸ್ಥೆಯೊಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಪ್ರಾಣಿಗಳ ಪರವಾಗಿ ಅಧಿಕಾರಿಗಳ ಜೊತೆ, ಪತ್ರಿಕೆಯವರ ಜೊತೆ ಮಾತನಾಡುವವರು ಬೇಕು. ಮೊದಲ ಕೆಲಸವೇ ಆ ಕಾಲುವೆ ದಂಡೆಯದು. ಚಿಕ್ಕಮ್ಮ ಯಾರಿಗೂ ಹೇಳದೆ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಕರೆ ಬಂದಾಗ ಹೇಳಲೇಬೇಕಾಯಿತು.

"ನೀರುನಾಯಿ ಪರ ಮಾತಾಡ್ತೀಯಾ?" ಅಪ್ಪ ನಕ್ಕ. "ಈ ಮನೇಲಿ ನಿನ್ನ ಪರ ನೀನು ಒಂದು ಮಾತಾಡಿದ್ದು ನಾನು ನೋಡಿಲ್ಲ. ಹಪ್ಪಳ ಮುರಿದ್ರೂ ಹಪ್ಪಳಕ್ಕೆ ಕ್ಷಮೆ ಕೇಳೋಳು ನೀನು."

"ನನ್ನ ಪರ ಏನಿದೆ ಭಾವ ಮಾತಾಡೋಕೆ? ಅವಕ್ಕೆ ಬಾಯಿಲ್ಲವಲ್ಲ."

"ನಿನಗಿದ್ಯಾ?" ಎಂದಳು ಅಮ್ಮ ಒಳಗಿನಿಂದ.

ಆದರೂ ಅಭ್ಯಾಸಕ್ಕೆಂದು ಅಮ್ಮನೇ ಸೆರಗು ಸಿಕ್ಕಿಸಿ ಅಧಿಕಾರಿಯಾಗಿ ಕುರ್ಚಿಯಲ್ಲಿ ಕೂತಳು. ಚಿಕ್ಕಮ್ಮ ಎದುರು ನಿಂತು ಜೋರು ಮಾಡಿದಳು. ರಸ್ತೆಗೆ ಆಚೆ ದಂಡೆಯಲ್ಲಿ ಜಾಗವಿದೆ, ಮರಿಗಳಿರುವ ಬಿಲಗಳಿಗೆ ಬೇರೆ ಜಾಗವಿಲ್ಲ ಎಂದು ಮೇಜು ಕುಟ್ಟಿದಳು. ಅವಳ ದನಿ ಅಷ್ಟು ಮೇಲೆ ಹೋಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಅಮ್ಮ ಅಧಿಕಾರಿಗಿರಿ ಮರೆತು, "ಅಯ್ಯೋ, ಆಯ್ತು ಬಿಡೇ, ಆಚೆಗೇ ಹಾಕ್ತೀವಿ," ಎಂದುಬಿಟ್ಟಳು.

ಸಂದರ್ಶನಕ್ಕೆ ನಾನೂ ಜೊತೆಗೆ ಹೋದೆ. ಮಹಡಿಯ ಮೇಲೆ ಸಣ್ಣ ಕಚೇರಿ. ಬಾಗಿಲಿನ ಮರ ಉಬ್ಬಿ ಪೂರ್ತಿ ಮುಚ್ಚುತ್ತಿರಲಿಲ್ಲ, ಹೊರಗಿನ ಬೆಂಚಿಗೆ ಎಲ್ಲ ಕೇಳುತ್ತಿತ್ತು. ಒಳಗಿದ್ದವರು ಇಬ್ಬರು, ಒಬ್ಬ ಹಿರಿಯರು ಮತ್ತು ಕನ್ನಡಕದ ಒಬ್ಬ ಹೆಂಗಸು. ನಾಲ್ಕು ಪ್ರಶ್ನೆ ಕೇಳಿ, ಹಿರಿಯರು ಹೇಳಿದರು: "ಈಗ ನಾನು ರಸ್ತೆ ಇಲಾಖೆ ಎಂಜಿನಿಯರು ಅಂದ್ಕೊಳ್ಳಿ. ನನ್ನ ಒಪ್ಪಿಸಿ ನೋಡೋಣ."

ಚಿಕ್ಕಮ್ಮ ಚೆನ್ನಾಗಿಯೇ ಶುರುಮಾಡಿದಳು. ಆಗ ಹಿರಿಯರು ದನಿ ಎತ್ತಿದರು.

"ಎಲ್ಲರೂ ನನ್ನನ್ನೇ ಕೇಳಿದ್ರೆ ಏನಮ್ಮ ಮಾಡ್ಲಿ? ಮೇಲಿನವರು ರಸ್ತೆ ಎಲ್ಲಿ ಅಂತಾರೆ. ಕೆಳಗಿನವರು ಬಾಯಿಗೆ ಬಂದ ಹಾಗೆ ಬೈತಾರೆ. ನಾನೂ ಮನುಷ್ಯನೇ ಅಲ್ವಾ? ನಿದ್ದೆ ಮಾಡಿ ಎಷ್ಟು ದಿನ ಆಯ್ತು ಗೊತ್ತಾ?"

ಆಮೇಲೆ ನಾನು ಬಲ್ಲ, ಊರೇ ಬಲ್ಲ ಆ ಮೆತ್ತನೆಯ ದನಿ ಬಂತು.

"ನಿಮ್ಮ ಕಷ್ಟ ಅರ್ಥ ಆಗುತ್ತೆ ಸಾರ್. ಇದರಲ್ಲಿ ನಿಮ್ಮ ತಪ್ಪೇನಿದೆ? ಮೊದಲು ಸ್ವಲ್ಪ ನೀರು ಕುಡೀರಿ. ನಿಧಾನವಾಗಿ ಹೇಳಿ, ನಾನು ಕೇಳ್ತಾ ಇದೀನಿ."

ಹಿರಿಯರು ಹೇಳಿದರು. ಚಿಕ್ಕಮ್ಮ ಹೂಂಗುಟ್ಟಿದಳು. ಒಳಗೆ ಯಾರೂ ಅವಳನ್ನು ತಡೆಯಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋಗಿ ಅವಳ ಕೈ ಜಗ್ಗಬೇಕೆನಿಸಿತು. ಬೆಂಚಿನ ಅಂಚು ಹಿಡಿದು ಕೂತೆ. ಕೊನೆಗೆ ಹಿರಿಯರು ಬೇಸರದಲ್ಲೇ ನಕ್ಕರು. "ನಿಜವಾಗ್ಲೂ ಮನಸ್ಸು ಹಗುರಾಯ್ತಮ್ಮ. ಹಾಗಾದ್ರೆ ರಸ್ತೆ ಹಾಕಿಬಿಡ್ಲಾ?"

ಕನ್ನಡಕದ ಹೆಂಗಸು ಮೆಟ್ಟಿಲವರೆಗೆ ಬಂದು ಅಲ್ಲೇ ಹೇಳಿದಳು, ಕಾಯಿಸಲಿಲ್ಲ. "ನೀವು ತುಂಬಾ ಒಳ್ಳೆಯವರು. ಈ ಕೆಲಸಕ್ಕೆ ಅದು ಸಾಲಲ್ಲ. ಬೇಜಾರು ಮಾಡ್ಕೋಬೇಡಿ."

ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿ ಕೂತಳು. "ನಾಟಕ ಅಂತ ಗೊತ್ತಿತ್ತು ಕಣೇ," ಎಂದಳು. "ಆದ್ರೂ ಅವರು ನಿದ್ದೆ ಇಲ್ಲ ಅಂದ ಕೂಡಲೇ ನನಗೆ ಮಿಕ್ಕಿದ್ದೆಲ್ಲ ಮರೆತೇಹೋಯ್ತು."

ಮುಂದಿನ ವಾರ ಒಂದು ಸಂಜೆ ಅವಳು ಸೀರೆಯ ಅಂಚೆಲ್ಲ ಕೆಸರು ಮಾಡಿಕೊಂಡು ಬಂದಳು. ಊಟದ ಬಿಡುವಿನಲ್ಲಿ ಕಾಲುವೆ ಕಡೆಯಿಂದ ಸುತ್ತಿಗೆಯ ಸದ್ದು ಕೇಳಿತಂತೆ. ರಸ್ತೆಯ ಗುರುತಿಗೆ ಒಬ್ಬ ಆಳು ದಂಡೆಯುದ್ದಕ್ಕೂ ಗೂಟ ಹೊಡೆಯುತ್ತಿದ್ದನಂತೆ. ತೆರೆದ ಡಬ್ಬಿ ಅಲ್ಲೇ ಬಿಟ್ಟು ಓಡಿದ್ದಾಳೆ.

"ಕೂಗಿದೆ ಅಕ್ಕ," ಎಂದಳು ಅಮ್ಮನಿಗೆ. "ನಿನ್ನ ಮುಂದೆ ಕೂಗಿದ್ನಲ್ಲ, ಅದಕ್ಕಿಂತ ಜೋರಾಗಿ. ನಿಲ್ಸೋ ಅಂತ."

"ನಿಲ್ಲಿಸಿದ್ನಾ?"

"ಬೆಚ್ಚಿಬಿದ್ದ. ಸುತ್ತಿಗೆ ಬೆರಳ ಮೇಲೆ ಬಿತ್ತು. ಉಗುರು ಕಿತ್ತು ಬಂದಿತ್ತು. ಕರವಸ್ತ್ರ ಕಟ್ಟಿದೆ. ಪಾಪ, ಬೈಲಿಲ್ಲ ಅವನು. ಸಂಜೆಯೊಳಗೆ ಮುಗಿಸದೇ ಇದ್ರೆ ನಾಳೆ ಕೆಲಸಕ್ಕೆ ಕರೆಯಲ್ಲ ಅಮ್ಮ, ಅಂತ ಅಳೋಕೆ ಶುರುಮಾಡಿದ."

ಅಪ್ಪ ಈ ಸಲ ನಗಲಿಲ್ಲ. "ಆಮೇಲೆ?" ಎಂದ.

ಚಿಕ್ಕಮ್ಮ ತನ್ನ ಅಂಗೈ ನೋಡಿಕೊಂಡಳು.

"ಆಮೇಲೇನು ಭಾವ. ಗೂಟ ನಾನು ಹಿಡ್ಕೊಂಡೆ. ಅವನು ಹೊಡೆದ."