ಮಾಕಳಿ ಬೇರಿನ ಖಾಲಿ ಜಾಡಿ

ಅಳಿದೋಗ್ತಾ ಇರೋದನ್ನ ಮಜ್ಜಿಗೇಲಿ ನೆನೆಹಾಕಿ, ನಿಂಬೆಹಣ್ಣು ಹಿಂಡಿ, ಸಾಸಿವೆ ಅರೆದು ಬೆರೆಸಿ, ಬಿಸಿ ಅನ್ನದ ಜೊತೆ ಚಪ್ಪರಿಸಿದ ಮುದುಕೀನ ನೀವು ಯಾವತ್ತಾದ್ರೂ ನೋಡಿದ್ದೀರಾ? ನೋಡಿಲ್ಲ ಅಂದ್ರೆ ಬಾಣಾವರದ ಹತ್ರ ನಮ್ಮ ತೋಟಕ್ಕೆ ಬನ್ನಿ, ಮುಖ ತೊಳ್ಕೊಂಡು ಬಾಗಿಲಲ್ಲೇ ನಿಂತಿರ್ತೀನಿ.

ನಮ್ಮ ಅಡಿಗೆಮನೇಲಿ ಒಂದು ಪಿಂಗಾಣಿ ಜಾಡಿ ಇತ್ತು. ಅದು ಹೆಂಗೆ ಮನೆ ಬಿಟ್ಟು ಹೋಯ್ತು ಅನ್ನೋದನ್ನ ಆಮೇಲೆ ಹೇಳ್ತೀನಿ, ಒಂದೇ ಬೆರಳಲ್ಲಿ ಫೋನು ಕುಟ್ತಾ ಇದ್ದೀನಿ, ಅವಸರ ಮಾಡಬ್ಯಾಡಿ. ಮಾಕಳಿ ಬೇರಿನ ಉಪ್ಪಿನಕಾಯಿಗೇ ಅಂತ ಇಟ್ಟ ಜಾಡಿ ಅದು. ಬೇರೆ ಏನು ಹಾಕಿದ್ರೂ ಅದಕ್ಕೂ ಮಾಕಳಿ ಗಮ ಹತ್ತಿಬಿಡುತ್ತೆ. ಗಮ ಅನ್ನೋದು ನಾನು. ನಮ್ಮ ಸೊಸೆ ಮೂಗು ಮುಚ್ಕೊಂಡು ತಿಗಣೆ ವಾಸನೆ ಅಂತಾಳೆ. ಖಾಲಿಯಾಗಿ ಬಹಳ ದಿನ ಆದ್ರೂ ಮುಚ್ಚಳ ತೆಗೆದ್ರೆ ಒಳಗೆ ಯಾರೋ ಇನ್ನೂ ಕೂತಿರೋ ಹಂಗಿತ್ತು.

ಹಳೇಬೀಡಲ್ಲಿರೋ ನಮ್ಮಕ್ಕಯ್ಯಂಗೆ ಜ್ವರ ಬಂದು ಬಿಟ್ಟ ಮೇಲೆ ಅನ್ನ ಸೇರ್ತಿರಲಿಲ್ಲ. ಬಾಯೆಲ್ಲಾ ಮಣ್ಣು ಅಂತ ತಟ್ಟೆ ದೂರ ತಳ್ಳೋಳು. ಒಂದಿನ ಫೋನಲ್ಲಿ, "ಒಂದು ಚೂರು ಮಾಕಳಿ ಇದ್ದಿದ್ರೆ ಎರಡು ತುತ್ತು ಇಳೀತಿತ್ತು ಕಣೇ" ಅಂದ್ಲು. ನಮ್ಮ ಬೇಲಿ ಮೇಲೆ ಒಂದೇ ಒಂದು ಮಾಕಳಿ ಬಳ್ಳಿ ಐತೆ, ನಮ್ಮನೆಯವ್ರು ಇದ್ದಾಗ ಗುಡ್ಡದಿಂದ ತಂದು ನೆಟ್ಟಿದ್ದು. ಗುದ್ದಲಿ ತಗೊಂಡು ಹೋದೆ. ಹೋದೋಳು ಸುಮ್ನೆ ಅಗೀಬೇಕಿತ್ತು. ಹೊಸದಾಗಿ ಕಲಿತ ವಿದ್ಯೆ ಸುಮ್ನೆ ಬಿಡುತ್ತಾ, ಒಂದು ಫೋಟೊ ತೆಗೆದೆ. ಫೋಟೊ ತೆಗೆದ್ರೆ ಈ ಫೋನು ಗಿಡದ ಜಾತಕ ಹೇಳ್ತೈತೆ. ಹಬ್ಬುವ ಪೊದೆ, ನಮ್ಮ ನಾಡಿನದೇ, ಅಳಿವಿನ ಅಂಚಿನಲ್ಲಿದೆ, ಬೇರಿಗಾಗಿ ಅಗೆಯುವುದೇ ಕಾರಣ ಅಂತ ಬಂತು. ಗುದ್ದಲಿ ಕೈಲಿ ಹಿಡ್ಕೊಂಡು ಅದನ್ನ ಓದಿದ್ರೆ, ಕಳ್ಳಿ ಠಾಣೆ ಗೋಡೆ ಮೇಲೆ ತನ್ನ ಫೋಟೊ ತಾನೇ ನೋಡ್ಕೊಂಡಂಗೆ.

ಸೊಸೆ, "ಅಗೀಬೇಡಿ ಅತ್ತೆ, ಅಷ್ಟು ಬೇಕಾದ್ರೆ ಸಂತೇಲಿ ತನ್ನಿ" ಅಂದ್ಲು. ಅರಸೀಕೆರೆ ಸಂತೇಲಿ ನೋಡಿದ್ರೆ ಗೋಣಿತಾಟಿನ ಮೇಲೆ ಮಾಕಳಿ ಬೇರು ರಾಶಿ ಬಿದ್ದೈತೆ. "ಇಷ್ಟೊಂದು ಐತಲ್ಲಮ್ಮ, ಅಳಿದೋಗ್ತಾ ಐತಂತಲ್ಲ" ಅಂದೆ.

"ಮುಂಚೆ ಇಲ್ಲೇ ಗುಡ್ಡದಾಗೆ ಸಿಗ್ತಿತ್ತು ಕಣಜ್ಜಿ, ಈಗ ಎಲ್ಲೆಲ್ಲಿಂದಲೋ ಬತ್ತೈತೆ. ನೀನು ಬಿಟ್ರೆ ಇನ್ನೊಬ್ರು ತಗತಾರೆ, ತಗಾ" ಅಂದ್ಲು ಮಾರೋಳು.

ಗುಡ್ಡದಲ್ಲಿ ಇರಬೇಕಾದ್ದು ಸಂತೇಲಿ ಗುಡ್ಡೆ ಹಾಕ್ಕೊಂಡು ಕೂತೈತೆ ಅಂದ್ರೆ, ಬೇಕಾದಷ್ಟು ಐತೆ ಅಂತಲೋ, ಮುಗೀತಾ ಬಂತು ಅಂತಲೋ? ನನಗಂತೂ ಇನ್ನೂ ಬಗೆಹರಿದಿಲ್ಲ, ನಿಮಗೆ ಹರಿದಿದ್ರೆ ಹೇಳಿ. ಸಂತೇದು ತಂದ್ರೆ ಯಾವುದೋ ಊರಿನ ಗುಡ್ಡ ಬೋಳು, ನಮ್ಮದು ಅಗೆದ್ರೆ ನಮ್ಮ ಬೇಲಿ ಬೋಳು, ಎರಡೂ ಬ್ಯಾಡ ಅಂದ್ರೆ ಅಕ್ಕಯ್ಯನ ತಟ್ಟೆ ಹಂಗೇ ಉಳೀತು. ನಾನು ತಿನ್ನದೆ ಬಿಟ್ಟಿದ್ದು ಕಾಡಿಗೆ ವಾಪಸ್ ಹೋಗುತ್ತಾ, ಇಲ್ಲ ಪಕ್ಕದೋರ ಜಾಡಿಗೆ ಹೋಗುತ್ತಾ? ಬರಿಗೈಲಿ ಬಂದು ಬೇಲಿ ಹತ್ರ ನಿಂತೆ. ಮಾಕಳಿ ಮೇಲೆ ಜೋಡಿ ಕಾಯಿ ಒಣಗಿ ಬಿರಿದಿತ್ತು, ಒಳಗೆ ರೇಷ್ಮೆಯಂಥ ಹತ್ತಿ ಕಟ್ಕೊಂಡ ಬೀಜ. ಹಾರೋಗೋ ಮುಂಚೆ ಬಿಡಿಸಿ, ಆ ಖಾಲಿ ಜಾಡಿಗೇ ತುಂಬಿಕೊಂಡು ಬಸ್ ಹತ್ತಿದೆ.

ಹಳೇಬೀಡಲ್ಲಿ ದೇವಸ್ಥಾನದ ಮುಂದೆ ಹಾಯ್ದು ಹೋಗುವಾಗ ಒಳಗೆ ಕಾವಲಿನೋನು ಸೀಟಿ ಊದಿದ್ದು ಕೇಳಿಸ್ತು. ಗೋಡೆ ಮೇಲಿನ ಕಲ್ಲಿನ ಬಳ್ಳೀನ ಯಾರೋ ಮುಟ್ಟಿರಬೇಕು. ಬೇಲಿ ಮೇಲಿನ ಬಳ್ಳಿ ಬುಡಕ್ಕೆ ಗುದ್ದಲಿ ಹಾಕಿದ್ರೆ ಊದೋರಿಲ್ಲ. ಕಲ್ಲಿನ ಬಳ್ಳಿಗೆ ಬೇರಿಲ್ಲ, ಅದಕ್ಕೇ ಇಷ್ಟು ಕಾಲ ಉಳೀತೇನೋ. ಬೇರಿದ್ದೋರಿಗೇ ತಾನೆ ಈ ಪಾಡೆಲ್ಲ.

ಗೋಡೆಗೆ ಒರಗಿ ಕೂತಿದ್ದ ಅಕ್ಕಯ್ಯನ ಮುಂದೆ ಜಾಡಿ ಇಟ್ಟೆ. ಆಸೆಯಿಂದ ಮುಚ್ಚಳ ತೆಗೆದ್ಲು. ಎರಡು ಬೀಜ ಹಾರಿ ಅವಳ ಸೆರಗಿನ ಮೇಲೆ ಕೂತ್ವು. ನನ್ನ ಮುಖ ನೋಡಿದ್ಲು. ನಾನು ಗುಡ್ಡ, ಗುಡ್ಡೆ, ಫೋನು, ಅಳಿವಿನ ಅಂಚು ಅಂತ ಏನೇನೋ ತೊದಲಿದೆ. ಅವಳು ಕೇಳಿಸ್ಕೊಂಡಂಗೆ ಕಾಣಲಿಲ್ಲ. ಬೀಜಾನೆಲ್ಲ ಮಡಿಲಿಗೆ ಸುರ್ಕೊಂಡು, ಜಾಡಿ ಒಳಗೆ ಮೂಗಿಟ್ಟು, ಕಣ್ಣು ಮುಚ್ಕೊಂಡು ಗಮ ಎಳ್ಕೊಂಡ್ಲು. ಆಮೇಲೆ ಜಾಡೀನ ನನ್ನ ಕಡೆ ತಳ್ಳಿ ಅಂದ್ಲು:

"ಬೇರು ಕೇಳಿದ್ರೆ ಬೀಜ ತಂದಿದ್ದೀಯ, ಜಿಪುಣಿ. ಇದು ಹುಟ್ಟಿ ಬೇರು ಬಿಡಗಂಟ ನಾನು ಇರಬೇಕು ತಾನೆ? ಏಳು, ಈ ಜಾಡೀಲೇ ಒಂದು ಹಿಡಿ ಮೊಸರನ್ನ ಕಲಸ್ಕೊಂಡು ಬಾ."