ಆಕಳ ಚಾರ್ಟಿಗೆ ಕುಂಕುಮ

ನಮ್ಮ ಅತ್ತೆ ಲಂಡನ್ನಿಗೆ ಬಂದು ಆರು ವರ್ಷವಾಯಿತು. ಈ ಆರು ವರ್ಷದಲ್ಲಿ ಅವರು ಉಂಡದ್ದು ಇಬ್ಬರ ಕೈಯಡಿಗೆ ಮಾತ್ರ, ತಮ್ಮದು ಮತ್ತು ನನ್ನದು. ಹೋದ ವರ್ಷ ಮಣಿಕಟ್ಟಿನ ನೋವು ಶುರುವಾಗಿ ತಮ್ಮದೂ ನಿಂತಿತು. ಕೆಂಟನ್ನಿನ ನಮ್ಮ ರಸ್ತೆ ದಾಟಿದರೆ ಶುದ್ಧ ಸಸ್ಯಾಹಾರಿ ಹೋಟೆಲುಗಳಿಗೇನೂ ಬರಗಾಲವಿಲ್ಲ. ಒಂದರಲ್ಲೂ ಅವರು ನೀರು ಸಹ ಮುಟ್ಟಿದವರಲ್ಲ. ಧಾರವಾಡದಲ್ಲಿ ಪಕ್ಕದ ಮನೆಯ ಹಳೆಯ ಗೆಳತಿಯ ಮಗ ತತ್ತಿ ವ್ಯಾಪಾರಕ್ಕಿಳಿದನೆಂದು, ಆ ಮನೆಯ ಚಹಾ ಬಿಟ್ಟ ಹೆಂಗಸು ಅವರು.

ಅಂಥವರ ಸೊಸೆಯಾದ ನಾನು ಶಾಲೆಯಲ್ಲಿ ಅಡಿಗೆ ಮತ್ತು ಪೌಷ್ಟಿಕ ಆಹಾರ ಕಲಿಸುತ್ತೇನೆ. ಮನೆಯಲ್ಲಿ ಹೇಳಿದ್ದು ಮಾತ್ರ ‘ವಿಜ್ಞಾನ’ ಎಂದು. ನಿಜ ಗೊತ್ತಾದರೆ ಅತ್ತೆ ಕೂಗಾಡುವುದಿಲ್ಲ, ಬೈಯುವುದೂ ಇಲ್ಲ. ಸುಮ್ಮನೆ ನನ್ನ ಕೈಯಿಂದ ಉಣ್ಣುವುದನ್ನು ಬಿಟ್ಟುಬಿಡುತ್ತಾರೆ. ಸಕ್ಕರೆ ಕಾಯಿಲೆಯ ಎಪ್ಪತ್ತೆಂಟರ ಜೀವ ಹಾಲು ಹಣ್ಣಿನ ಮೇಲೆ ಎಷ್ಟು ದಿನ ನಡೆದೀತು? ನನ್ನ ಹೆದರಿಕೆ ಅದೊಂದೇ.

ಮಾಂಸದ ಪಾಠ ಬಂದಾಗಲೆಲ್ಲ ಸಹೋದ್ಯೋಗಿಗೆ ದಾಟಿಸಿ, ಅವಳ ಬ್ರೆಡ್ಡಿನ ಪಾಠ ನಾನು ತೆಗೆದುಕೊಳ್ಳುತ್ತಿದ್ದೆ. ಈ ಸಲ ಆ ಆಟ ನಡೆಯಲಿಲ್ಲ. ನನ್ನ ಕೆಲಸ ಖಾಯಂ ಆಗಬೇಕಾದರೆ ಉಪಮುಖ್ಯೋಪಾಧ್ಯಾಯಿನಿ ಹಿಂದೆ ಕೂತು ಒಂದು ಪಾಠ ನೋಡಬೇಕಿತ್ತು. ಇಡೀ ವರ್ಷದ ಪಾಠಗಳಲ್ಲಿ ಆ ಪುಣ್ಯಾತ್ಗಿತ್ತಿ ಆರಿಸಿಕೊಂಡದ್ದು ಇದನ್ನೇ: ದನದ ಮಾಂಸ ಎಲ್ಲಿಂದ ಬರುತ್ತದೆ, ಅದನ್ನು ಆರೋಗ್ಯಕರವಾಗಿ ತಿನ್ನುವುದು ಹೇಗೆ. ನನ್ನ ಹಣೆಬರಹ!

ಹಿಂದಿನ ಸಂಜೆ, ನಾಳೆ ಕೆಲಸ ಖಾಯಂ ಆಗುವ ಪರೀಕ್ಷೆ ಎಂದಷ್ಟೇ ಅತ್ತೆಗೆ ಹೇಳಿ, ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹಾಸಿ ಆಕಳ ಚಿತ್ರ ಬರೆದೆ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಆಕಳಿತ್ತು, ಹಾಗಾಗಿ ಚಿತ್ರ ಚೆನ್ನಾಗಿಯೇ ಬಂತು. ಹುಲ್ಲು ತಂದಿದ್ದೀಯಾ ಎಂದು ಕೇಳುವಂತೆ ಮುಖ ನಮ್ಮ ಕಡೆ ತಿರುಗಿಸಿತ್ತು. ಮೈಮೇಲೆ ಚುಕ್ಕಿ ಗೆರೆ ಎಳೆದು, ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ ತುಂಬಿ, ಒಳಗೆ ಇಂಗ್ಲಿಷಿನಲ್ಲಿ ಮಾಂಸದ ಹೆಸರುಗಳನ್ನು ಬರೆದೆ.

ಬೆಳಗ್ಗೆ ಸ್ನಾನ ಮುಗಿಸಿ ಕೆಳಗಿಳಿದರೆ ಆಕಳ ಹಣೆಗೆ ಹೆಬ್ಬೆರಳಗಲದ ಕುಂಕುಮ, ಕಾಲ ಹತ್ತಿರ ಒಂದು ಗುಲಾಬಿ. ಅತ್ತೆ ಕೈಮುಗಿದು ನಿಂತಿದ್ದರು. ಕ್ಯಾಲೆಂಡರಿನಲ್ಲಿ ಬರುತ್ತದಲ್ಲ, ಮೈತುಂಬ ದೇವತೆಗಳಿರುವ ಗೋಮಾತೆ, ಇದೂ ಅದೇ ಎಂದು ತಿಳಿದಿದ್ದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

“ಎಷ್ಟ ಛಂದ ತಗದೀಯವಾ! ದೇವರ ಹೆಸರು ಸೈತ ಬರದೀ. ಈ ಬೆನ್ನ ಮ್ಯಾಲೆ ಇರಾವ್ರು ಯಾರು?”

ಬೆನ್ನ ಮೇಲಿದ್ದದ್ದು ಸರ್ಲಾಯಿನ್, ಸೊಂಟದ ಹತ್ತಿರದ ಮಾಂಸ.

“ಎಲ್ಲಾ ಇಂಗ್ಲಿಷಿನ್ಯಾಗ ಅದರೀ ಅತ್ಯಾ, ಬಂದ ಮ್ಯಾಲೆ ಹೇಳತೀನಿ. ಬಸ್ ತಪ್ಪತದ.”

“ಛಲೋ ಸಾಲಿ ಬಿಡವಾ ನಿಮ್ದು. ಈ ದೇಶದ ಮಕ್ಕಳಿಗೆ ಇದನ್ನೆಲ್ಲಾ ಕಲಸ್ತಾರಲ್ಲಾ!”

ನನ್ನ ಗಂಡ ಚಹಾದ ಕಪ್ಪಿನೊಳಗೆ ಮುಖ ಹುದುಗಿಸಿ ಭುಜ ಕುಣಿಸುತ್ತಿದ್ದ. ಒಂದು ಮಾತಿನ ಸಹಾಯವಿಲ್ಲ, ಮಹಾರಾಯ. ಕುಂಕುಮ ಒರೆಸಲು ಹೋದರೆ ಆಕಳ ಮುಖವೆಲ್ಲ ಕೆಂಪಾಗುತ್ತಿತ್ತು, ಅತ್ತೆಯೆದುರು ಒರೆಸುವ ಧೈರ್ಯವೂ ಇರಲಿಲ್ಲ. ಸುರುಳಿ ಸುತ್ತಿಕೊಂಡು ಓಡಿದೆ.

ತರಗತಿಯಲ್ಲಿ ಹನ್ನೆರಡರ ಆಸುಪಾಸಿನ ಮೂವತ್ತು ಮಕ್ಕಳು. ದನದ ಮಾಂಸ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. “ಫ್ರೀಜರಿನಿಂದ” ಎಂದಿತು ಒಂದು ಧ್ವನಿ. ಫ್ರೀಜರಿಗೆ ಎಲ್ಲಿಂದ? “ಡೆಲಿವರಿ ವ್ಯಾನಿನಿಂದ, ಮಿಸ್.” ವ್ಯಾನಿನ ಹಿಂದಕ್ಕೆ ಆ ಮೂವತ್ತರಲ್ಲಿ ಯಾರೂ ಹೋಗಲೊಲ್ಲರು. ಉಪಮುಖ್ಯೋಪಾಧ್ಯಾಯಿನಿ ಲ್ಯಾಪ್‌ಟಾಪಿನಲ್ಲಿ ಏನನ್ನೋ ಕುಟ್ಟುತ್ತಿದ್ದರು. ದೇವರೇ ಗತಿ ಎಂದು ಚಾರ್ಟು ಬಿಚ್ಚಿ ತೂಗುಹಾಕಿದೆ.

“ಮಿಸ್, ಹಣೆಯ ಮೇಲೆ ಆ ಕೆಂಪು ಗುರುತೇಕೆ?”

ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. ಅವಳ ಅಜ್ಜನದು ದನದ ಫಾರ್ಮ್ ಅಂತೆ. “ಕಸಾಯಿಖಾನೆಯಲ್ಲಿ ಮೊದಲು ಒಂದು ಬಗೆಯ ಗನ್ನಿನಿಂದ ಪ್ರಜ್ಞೆ ತಪ್ಪಿಸುತ್ತಾರೆ, ನೋವಾಗಬಾರದು ಅಂತ. ಗುರಿ ಇಡುವುದು ಅಲ್ಲಿಗೇ. ಮಿಸ್ ಸರಿಯಾದ ಜಾಗ ತೋರಿಸಿದ್ದಾರೆ.”

ಮೊದಲ ಸಲ ಆ ಮಕ್ಕಳು ಆಕಳ ಮುಖವನ್ನು ಮುಖವೆಂದು ನೋಡಿದರು. ಹಿಂದೆ ಕೂತಿದ್ದ ಉಪಮುಖ್ಯೋಪಾಧ್ಯಾಯಿನಿ ಮೆಚ್ಚಿ ತಲೆಯಾಡಿಸಿದರು. ಅತ್ತೆಯ ಕುಂಕುಮ ನನಗೆ ಅಂಕ ತಂದಿತ್ತು.

ಆಮೇಲೆ ಅಡಿಗೆ. ಕೊಚ್ಚಿದ ಮಾಂಸ ಅರ್ಧ, ಚನ್ನಂಗಿ ಬೇಳೆ ಅರ್ಧ, ತರಕಾರಿ ಧಾರಾಳ, ಕೊಬ್ಬು ಬಸಿದು ಚೆಲ್ಲುವುದು, ಉಪ್ಪು ಹಿಡಿತದಲ್ಲಿ. ಎರಡು ಜೊತೆ ಕೈಗವಸು ಒಂದರ ಮೇಲೊಂದು ಏರಿಸಿಕೊಂಡು, ಮೂಗಿನಲ್ಲಿ ಅರ್ಧವೇ ಉಸಿರಾಡುತ್ತ ಮಾಡಿ ತೋರಿಸಿದೆ. “ಮಿಸ್, ಉಪ್ಪು ನೋಡಿ” ಎಂದು ಒಬ್ಬ ಚಮಚ ಚಾಚಿದ. ಬೇಡವೆಂದೆ. ಮದುವೆಯಾದ ಹೊಸದರಲ್ಲಿ ಅತ್ತೆ ನನಗೆ ನೈವೇದ್ಯದ ಅಡಿಗೆ ಕಲಿಸಿದ್ದರು. ದೇವರಿಗೆ ತೋರಿಸುವ ಮೊದಲು ನಾಲಗೆಗೆ ತಾಕಿಸುವ ಹಾಗಿಲ್ಲ. ಕುದಿಯುವ ಸದ್ದು ಕೇಳಿ, ವಾಸನೆ ಹಿಡಿದು, ಸೌಟಿನಿಂದ ಇಳಿಯುವುದನ್ನು ನೋಡಿ ಉಪ್ಪು ಹಾಕಬೇಕು. ತಪ್ಪಿದರೆ ದೇವರು ಸುಮ್ಮನಿರುತ್ತಿದ್ದ, ಅತ್ತೆ ಸುಮ್ಮನಿರುತ್ತಿರಲಿಲ್ಲ. ಅದೇ ಲೆಕ್ಕದಲ್ಲಿ ಚಿಟಿಕೆ ಹಾಕಿದೆ.

ಉಪಮುಖ್ಯೋಪಾಧ್ಯಾಯಿನಿ ತಿಂದು ಹುಬ್ಬೇರಿಸಿದರು. “ಉಪ್ಪು ಇಷ್ಟು ಹದವಾಗಿ! ರುಚಿ ನೋಡದೆ ಹೇಗೆ?”

“ಮನೆಯಲ್ಲಿ ಹಿರಿಯರು ಕಲಿಸಿದ್ದು” ಎಂದೆ. ಶಾಲೆ ಬಿಡುವಷ್ಟರಲ್ಲಿ ಕೆಲಸ ಖಾಯಂ ಆಯಿತು.

ಸಂಜೆ ಐದಕ್ಕೆ ಮನೆ ಸೇರಿದಾಗ ಖುಷಿಗೆ ನನ್ನ ಬಾಯಿ ಹಿಡಿತದಲ್ಲಿರಲಿಲ್ಲ. “ಖಾಯಂ ಆತ್ರೀ ಅತ್ಯಾ! ಮ್ಯಾಡಮ್ಮಾರು ತಿಂದ ನೋಡಿ, ಉಪ್ಪು ಎಷ್ಟ ಹದ ಬಂದದ ಅಂದ್ರು!”

“ವಿಜ್ಞಾನದ ಪಾಠದಾಗ ಉಪ್ಪೇನವಾ? ಏನ ತಿಂದ್ರು ಅವರು?”

ಸಿಕ್ಕಿಬಿದ್ದೆ. ಇನ್ನೊಂದು ಸುಳ್ಳು ಹೊಸೆಯುವ ಶಕ್ತಿ ಉಳಿದಿರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ: ಪಾಠ ಯಾವುದು, ಚಾರ್ಟಿನ ಗೆರೆಗಳು ಯಾತಕ್ಕೆ, ಬಾಣಲೆಯಲ್ಲಿ ಇದ್ದದ್ದು ಏನು. ಅತ್ತೆ ನೆಲ ನೋಡುತ್ತ ಕೇಳಿದರು.

“ನೀ ತಿಂದೇನು?”

“ಇಲ್ರೀ.”

“ಉಪ್ಪು ನೋಡಲಿಕ್ಕರೆ?”

“ನಾಲಿಗಿಗೆ ತಾಕಸಿಲ್ರೀ. ನೀವು ಕಲಿಸಿದಂಗ, ನೈವೇದ್ಯಕ್ಕ ಹಾಕೋ ಹಂಗ ಹಾಕಿದೆ.” ಅಂದ ಕೂಡಲೇ ನಾಲಗೆ ಕಚ್ಚಿಕೊಂಡೆ. ಎಂಥ ಮಾತು ಎಲ್ಲಿ ಆಡಿದೆ!

ಅವರ ತುಟಿಯ ತುದಿ ಒಂದು ಕ್ಷಣ ಅದುರಿತು. ಸಿಟ್ಟೋ ನಗುವೋ ನನಗೆ ಇವತ್ತಿಗೂ ಗೊತ್ತಿಲ್ಲ. “ಹೋಗು, ತಲೀಮ್ಯಾಲೆ ನೀರ ಹಾಕ್ಕೊಂಡ ಬಾ.”

ತಲೆಗೆ ಟವೆಲು ಸುತ್ತಿಕೊಂಡು ಇಳಿದು ಬಂದಾಗ ಅವರು ಖಾಲಿ ತಾಟು ಮುಂದಿಟ್ಟುಕೊಂಡು ಮೇಜಿಗೆ ಕೂತಿದ್ದರು. ಬೆಳಗ್ಗೆ ನಾನು ಮಾಡಿಟ್ಟು ಹೋದ ಅಡಿಗೆಯ ಮುಚ್ಚಳ ತೆಗೆದಿರಲಿಲ್ಲ.

“ಅಯ್ಯ, ಮಧ್ಯಾಹ್ನ ಉಂಡಿಲ್ಲೇನ್ರೀ? ಶುಗರ್ ಇಳದಿದ್ರ?”

“ನಿನ್ನ ಕೆಲಸದ ಸುದ್ದಿ ಕೇಳಿ ಉಣ್ಣೋಣಂತ ಕುಂತಿದ್ದೆ. ಹೊಟ್ಟಿ ಹಸದದ, ಲಗೂನ ಬಡಸು.”

ಅತ್ತುಬಿಟ್ಟೆ. ಬಡಿಸುವಾಗ ಸಾರು ತಾಟಿನಾಚೆಗೂ ಚೆಲ್ಲಿತು. ಅವರು ಕಲಸಿ, ಉಂಡು, ಮತ್ತೆ ತಾಟು ಚಾಚಿದರು. ಒಂದು ಸೌಟಿಗಿಂತ ಹೆಚ್ಚು ಅನ್ನ ಕೂಡದೆಂದು ಡಾಕ್ಟರು ಹೇಳಿದ್ದರು. ಹಿತಮಿತವಾಗಿ ಉಣ್ಣಬೇಕೆಂದು ಅಂದು ಮೂವತ್ತು ಮಕ್ಕಳಿಗೆ ಪಾಠ ಹೇಳಿ ಬಂದಿದ್ದ ನಾನು, ಬಾಯಿ ಮುಚ್ಚಿಕೊಂಡು ಇನ್ನೊಂದು ಸೌಟು ಬಡಿಸಿದೆ.