ಡನ್‌ಮೋರನ ಹೆಸರಿನಲ್ಲಿ ಆಡಿದವನು

ನಮ್ಮ ಪೆನ್‌ಬ್ರಿನ್ ಕಲ್ಲುಗಣಿಯಲ್ಲಿ ಎಮ್ರಿಸ್ ಪ್ರಾಸರ್ ಎಂಬುವನೊಬ್ಬನಿದ್ದ. ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾಗದ ಎತ್ತರ, ಎತ್ತಿನಂಥ ಹೆಗಲು, ಮಾತು ಮಾತ್ರ ಪಕ್ಕದವನಿಗೂ ಕೇಳಿಸದಷ್ಟು ಮೆತ್ತಗೆ. ವರ್ಮಾಂಟಿನ ಈ ಕಣಿವೆಯಲ್ಲಿ ಸ್ಲೇಟು ಕಲ್ಲು ಸೀಳುವವರೆಲ್ಲ ಸಮುದ್ರ ದಾಟಿ ವೇಲ್ಸ್‌ನಿಂದ ಬಂದವರೇ. ಮನೆಯಲ್ಲಿ, ಚರ್ಚಿನಲ್ಲಿ, ಗಣಿಯಲ್ಲಿ ನಮ್ಮ ಭಾಷೆಯೇ. ಇಂಗ್ಲಿಷು ಬೇಕಾಗುತ್ತಿದ್ದದ್ದು ಕಂಪನಿಯವರ ಜೊತೆ ಜಗಳಕ್ಕೆ ಮಾತ್ರ.

ಅಪ್ಪ ಕಲ್ಲಿನ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ ಮೇಲೆ ತಾಯಿ ಮಾರ್ಗೆಡ್ ಈ ಒಬ್ಬನ ಮುಖ ನೋಡಿಕೊಂಡು ಬದುಕಿದಳು. ಎಮ್ರಿಸ್‌ಗೋ ಓದಿನ ಹುಚ್ಚು. ಊಟದ ಬಿಡುವಿನಲ್ಲಿ ಒಡೆದ ಸ್ಲೇಟಿನ ಚೂರಿನ ಮೇಲೆ ಇಂಗ್ಲಿಷು ಅಕ್ಷರ ತಿದ್ದುತ್ತಿದ್ದ. “ಏನೋ, ಪಾದ್ರಿ ಆಗ್ತೀಯಾ?” ಎಂದು ಉಳಿದವರು ಕಿಚಾಯಿಸಿದರೆ ಕಿವಿ ಕೆಂಪಗೆ ಮಾಡಿಕೊಂಡು ಮತ್ತೆ ತಿದ್ದುತ್ತಿದ್ದ.

೧೮೯೬ರ ಬೇಸಿಗೆ ಮುಗಿಯುವ ಹೊತ್ತಿಗೆ ಆಲ್ಡರ್‌ಬಿ ಕಾಲೇಜಿನ ಫುಟ್‌ಬಾಲ್ ತಂಡದ ನಾಯಕ ವಿಟ್ಲಾಕ್ ಗಣಿಗೇ ಹುಡುಕಿಕೊಂಡು ಬಂದ. ಆಗಿನ ಫುಟ್‌ಬಾಲ್ ಅಂದರೆ ಏನು ಮಹಾ! ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡವನನ್ನು ಅವನ ಕಡೆಯ ಉಳಿದ ಹತ್ತು ಜನ ಮುಂದಕ್ಕೆ ನೂಕುವುದು, ಎದುರಿನ ಹನ್ನೊಂದು ಜನ ಅವನನ್ನು ಹಿಡಿದು ನೆಲಕ್ಕೆ ಕೆಡವುವುದು. ಕಲ್ಲು ಹೊತ್ತವನಿಗೆ ಇದನ್ನು ಯಾರು ಹೇಳಿಕೊಡಬೇಕು? ಎಷ್ಟೋ ಕಾಲೇಜುಗಳು ಹೀಗೆ ಗಣಿಯಿಂದ, ಕುಲುಮೆಯಿಂದ ಗಟ್ಟಿ ಆಳುಗಳನ್ನು ಎತ್ತಿಕೊಂಡು ಹೋಗಿ, ಯಾವನೋ ವಿದ್ಯಾರ್ಥಿಯ ಹೆಸರು ಅಂಟಿಸಿ ಆಡಿಸುತ್ತಿದ್ದವು.

“ಡನ್‌ಮೋರ್ ಅಂತ ಒಬ್ಬ ಕಾಲೇಜಿಗೆ ಸೇರಿ, ಯುರೋಪು ಸುತ್ತೋಕೆ ಹೋಗಿದ್ದಾನೆ ಕಣಯ್ಯ,” ಎಂದ ವಿಟ್ಲಾಕ್. “ಅವನ ಹೆಸರಲ್ಲಿ ಆಡು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಸ್ಟ್ರೌಟನ್ ಕಾಲೇಜಿನವರನ್ನ ಮಣ್ಣು ಮುಕ್ಕಿಸು. ಬರೋ ವರ್ಷ ನಿನ್ನದೇ ಹೆಸರಲ್ಲಿ ಕಾಲೇಜಿಗೆ ಸೇರಿಸ್ಕೋತೀವಿ. ನನ್ನ ಮಾತು.”

ಎಮ್ರಿಸ್ ಹೊರಟ. ಅಮ್ಮನಿಗೆ ಆಟಕ್ಕೆ ಕರೆದಿದ್ದಾರೆ ಎಂದಷ್ಟೇ ಹೇಳಿದ. ಸುಳ್ಳು ಹೆಸರಿನ ಸಂಗತಿ ಹೇಳಲು ಬಾಯಿ ಬರಲಿಲ್ಲ. ನಮ್ಮ ಚರ್ಚಿನವರಿಗೆ ಅದು ಸಣ್ಣ ಪಾಪವಲ್ಲ.

ಪಾಪ, ಅಲ್ಲಿ ಅವನ ಪಾಡು ಯಾರಿಗೂ ಬೇಡ. ಬಾಯಿ ಬಿಟ್ಟರೆ ಮಾತಿನ ಧಾಟಿ ಗುಟ್ಟು ಒಡೆಯುತ್ತದೆಂದು ವಿಟ್ಲಾಕ್ ಅವನಿಗೆ ಯಾರ ಜೊತೆಯೂ ಮಾತಾಡದಂತೆ ತಾಕೀತು ಮಾಡಿದ್ದ. ತಲೆಗೆ ಪೆಟ್ಟು ತಗುಲದಿರಲೆಂದು ಎಲ್ಲರ ಹಾಗೆ ಅವನೂ ಕೂದಲು ಉದ್ದ ಬಿಟ್ಟ. ಚೆಂಡು ಹಿಡಿದವನನ್ನು ಎದುರಾಳಿಗಳ ಸಾಲಿನ ಮೇಲಿಂದ ಎತ್ತಿ ಎಸೆಯಲು ಅನುಕೂಲವಾಗಲೆಂದು ಹಳೆಯ ಪೆಟ್ಟಿಗೆಯೊಂದರ ಚರ್ಮದ ಹಿಡಿ ಕಿತ್ತು ಅವನ ಸೊಂಟಪಟ್ಟಿಗೆ ಹೊಲಿದರು. ಗೆದ್ದ ದಿನ ಹುಡುಗರು ಹೆಗಲ ಮೇಲೆ ಹೊತ್ತು “ಡನ್‌ಮೋರ್! ಡನ್‌ಮೋರ್!” ಎಂದು ಕುಣಿಯುತ್ತಿದ್ದರು. ಆಮೇಲೆ ಅವರು ತಮ್ಮ ಹಾಸ್ಟೆಲಿಗೆ, ಇವನು ಊರಾಚೆಯ ಬಾಡಿಗೆ ಕೋಣೆಗೆ. ತರಗತಿಯ ಕಿಟಕಿಯ ಹೊರಗೆ ನಿಂತು ಪಾಠ ಕೇಳಿಸಿಕೊಳ್ಳುತ್ತಿದ್ದ, ಯಾರಾದರೂ ಬಂದರೆ ಸರಿದುಬಿಡುತ್ತಿದ್ದ. ಕೋಣೆಯಲ್ಲಿ ಕೂತು ಒಮ್ಮೊಮ್ಮೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದನಂತೆ. ಬರುವ ವರ್ಷ ಮೇಷ್ಟರು ಈ ಹೆಸರು ಕೂಗುತ್ತಾರೆ, ನಾನು ಎದ್ದು ನಿಲ್ಲುತ್ತೇನೆ ಎಂಬ ಒಂದೇ ಆಸೆಯಲ್ಲಿ ದಿನ ನೂಕಿದ.

ಹಬ್ಬದ ದಿನ ಬಂತು. ಸ್ಟ್ರೌಟನ್‌ನವರು ಕಲ್ಲೆದೆಯವರು, ಮೊದಲ ನೂಕಾಟದಲ್ಲೇ ಎಮ್ರಿಸ್‌ನ ಮೂಗು ಜಜ್ಜಿತು. ಒಮ್ಮೆ ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿಲ್ಲ, ಆಗಿನ ಕಟ್ಟಳೆ ಅದು. ತೋಳಿನಿಂದ ರಕ್ತ ಒರೆಸಿಕೊಂಡು ನಿಂತ.

ಆಗ ಮೈದಾನದ ಸುತ್ತ ಕಟ್ಟಿದ್ದ ಹಗ್ಗದಾಚೆಯಿಂದ ನಮ್ಮ ಭಾಷೆಯಲ್ಲಿ ಒಂದು ಕೂಗು.

“ಎಮ್ರಿಸ್! ಲೋ ಎಮ್ರಿಸ್! ಅಯ್ಯೋ ನನ್ನ ಕಂದಾ, ರಕ್ತ ಸೋರ್ತಾ ಇದೆಯಲ್ಲೋ!”

ಹಬ್ಬಕ್ಕೆ ಗಣಿ ಮುಚ್ಚಿತ್ತು. ಮಗ ಬರಲಿಲ್ಲವೆಂದು ಮಾರ್ಗೆಡ್ ಒಬ್ಬಳೇ ರೈಲು ಹತ್ತಿ, ದ್ರಾಕ್ಷಿ ಹಾಕಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದುಬಿಟ್ಟಿದ್ದಳು. ಮಗನ ರಕ್ತ ಕಂಡ ಮೇಲೆ ತಾಯಿಗೆ ಹಗ್ಗವೇನು, ಬೇಲಿಯೇನು! ನುಸುಳಿ ಮೈದಾನಕ್ಕೇ ಬಂದಳು.

ಸ್ಟ್ರೌಟನ್ ನಾಯಕ ಕೈ ಎತ್ತಿ ಆಟ ನಿಲ್ಲಿಸಿದ. “ಇವನು ಡನ್‌ಮೋರ್ ಅಂದ್ರಿ. ಆ ಮುದುಕಿ ಬೇರೆ ಏನೋ ಕೂಗ್ತಿದ್ದಾಳೆ. ಹೊರಗಿನವನನ್ನ ತಂದಿದ್ರೆ ನೀವು ಸೋತ ಹಾಗೇ ಲೆಕ್ಕ!”

ಅಂಪೈರು ಎಮ್ರಿಸ್‌ನ ಮುಖ ನೋಡಿದ. “ಈಯಮ್ಮ ನಿನಗೇನಾಗ್ಬೇಕಪ್ಪ?”

ವಿಟ್ಲಾಕ್ ಉಸಿರು ಬಿಗಿಹಿಡಿದು ನಿಂತಿದ್ದ. ಈ ಒಂದು ಆಟ ಗೆದ್ದರೆ ಕಾಲೇಜು. ಎಮ್ರಿಸ್ ನೆಲ ನೋಡಿದ.

“ಗೊತ್ತಿಲ್ಲ ಸಾರ್. ಇವ್ರನ್ನ ನಾನು ನೋಡೇ ಇಲ್ಲ.”

ಅಷ್ಟು ಇಂಗ್ಲಿಷು ಮಾರ್ಗೆಡ್‌ಗೆ ತಿಳಿಯುತ್ತಿತ್ತು. ಮಗನ ಹತ್ತಿರ ಬಂದು ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಅಂಪೈರನ ಕಡೆ ತಿರುಗಿ ತನ್ನ ಹರಕು ಇಂಗ್ಲಿಷಿನಲ್ಲೇ ಹೇಳಿದಳು.

“ತಪ್ಪಾಯ್ತು ಸ್ವಾಮಿ. ದೂರದಿಂದ ನಮ್ಮ ಹುಡುಗನ ಹಾಗೇ ಕಂಡ. ವಯಸ್ಸಾಯ್ತು ನೋಡಿ, ಕಣ್ಣು ಸರಿಯಿಲ್ಲ.”

ಜನ ಗೊಳ್ಳೆಂದು ನಕ್ಕರು. ಬ್ರೆಡ್ಡಿನ ಗಂಟು ಎದೆಗವುಚಿಕೊಂಡು ಆಕೆ ಹೊರಟುಹೋದಳು. ಎಮ್ರಿಸ್ ಆಮೇಲೆ ಆಡಿದ ಆಟವನ್ನು ಮುದುಕರು ಇವತ್ತಿಗೂ ಹೇಳುತ್ತಾರೆ. ಮೂರು ಜನರನ್ನು ಮೈಮೇಲೆ ಎಳೆದುಕೊಂಡೇ ಗೆರೆ ದಾಟಿದ. ಆಲ್ಡರ್‌ಬಿ ಗೆದ್ದಿತು.

ಆ ರಾತ್ರಿ ಗೆಲುವಿನ ಔತಣದಲ್ಲಿ ಎಮ್ರಿಸ್ ಮೆಲ್ಲಗೆ ತನ್ನ ಹೆಸರಿನ ಮಾತೆತ್ತಿದ. ವಿಟ್ಲಾಕ್ ಅವನನ್ನು ಮೂಲೆಗೆ ಎಳೆದುಕೊಂಡು ಹೋದ.

“ಹುಚ್ಚಾ ನಿನಗೆ? ಈಗ ನಿನ್ನ ಮುಖ ಯಾರಿಗೆ ಗೊತ್ತಿಲ್ಲ? ಅದೇ ಮುಖ ಬೇರೆ ಹೆಸರಲ್ಲಿ ಬಂದ್ರೆ ಎಲ್ರೂ ಸಿಕ್ಕಿಬೀಳ್ತೀವಿ. ಬೇಕಾದ್ರೆ ಡನ್‌ಮೋರ್ ಆಗಿ ಇನ್ನೊಂದು ವರ್ಷ ಆಡು.”

ಆಹಾ, ಕೊಟ್ಟ ಮಾತು ಉಳಿಸಿಕೊಳ್ಳುವ ಚೆಂದವೇ! ತಂಡದ ಚಿತ್ರದಲ್ಲಿ ನಡುವೆ ನಿಂತವನು ಎಮ್ರಿಸ್, ಕೆಳಗೆ ಬರೆದದ್ದು ಡನ್‌ಮೋರ್. ಅದು ಈಗಲೂ ಆ ಕಾಲೇಜಿನ ಗೋಡೆಯ ಮೇಲಿದೆ.

ಮರುದಿನವೇ ಅವನು ಪೆನ್‌ಬ್ರಿನ್‌ಗೆ ಬಂದು ಗಣಿಗಿಳಿದ. ಮಾರ್ಗೆಡ್ ಬೈಯಲಿಲ್ಲ, ಅಳಲಿಲ್ಲ. ತಟ್ಟೆಗೆ ಬಡಿಸಿದಳು, ಅಂಗಿಗೆ ತೇಪೆ ಹಾಕಿದಳು, ಕೆಮ್ಮಿದರೆ ಕಷಾಯ ಕಾಸಿಕೊಟ್ಟಳು. ಆದರೆ ಅವನ ಹೆಸರೆತ್ತಲಿಲ್ಲ. ಊಟಕ್ಕೆ ಕರೆಯಬೇಕಾದರೆ ಮೇಜು ತಟ್ಟುತ್ತಿದ್ದಳು. ಅವನಿಗೂ ಕೇಳುವ ಧೈರ್ಯ ಬರಲಿಲ್ಲ. ಮದುವೆಯ ಮಾತೂ ಆಡಲಿಲ್ಲ. ವರ್ಷಗಟ್ಟಲೆ ಆ ಚಿಕ್ಕ ಮನೆಯಲ್ಲಿ ಇಬ್ಬರೂ ಹೀಗೇ ಬಾಳಿದರು.

ಕೊನೆಗೆ ಮಾರ್ಗೆಡ್ ಹಾಸಿಗೆ ಹಿಡಿದಳು. ಇನ್ನು ಹೆಚ್ಚು ದಿನ ಇಲ್ಲವೆಂದು ವೈದ್ಯರು ಹೇಳಿ ಹೋದ ಮಧ್ಯಾಹ್ನ, ತಲೆ ಅರ್ಧ ನರೆತಿದ್ದ ಆ ಭಾರೀ ಗಂಡಸು ಮಂಚದ ಪಕ್ಕ ಮಂಡಿಯೂರಿದ.

“ಅಮ್ಮಾ, ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರೆಯಮ್ಮ.”

ಮಾರ್ಗೆಡ್ ಕಣ್ಣು ಬಿಟ್ಟಳು. ದನಿಯಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ.

“ಅವತ್ತು ಕರೆದೆನಲ್ಲಪ್ಪಾ. ನೀನು ಓ ಅನ್ನಲಿಲ್ಲ.”

ಹೇಳಿ, ಗೋಡೆಯ ಕಡೆ ಹೊರಳಿ ಮಲಗಿದಳು.